ಬೊಳ್ಳನಿಗೆ ಇಲ್ಲಿ ಅಟ್ಟ ಇಲ್ಲ

ನಾಯಿ ಮನುಷ್ಯರನ್ನು ನಂಬುತ್ತದೆ, ಬೆಕ್ಕು ಮನೆಯನ್ನು ನಂಬುತ್ತದೆ ಎಂದು ನಮ್ಮ ಕಡೆ ಹೇಳುವುದುಂಟು. ಎಷ್ಟೋ ಸಲ ಕೇಳಿದ ಮಾತು. ಆದರೆ ಅದು ಸರಿಯಾಗಿ ಅರ್ಥವಾದದ್ದು ಕಳೆದ ಮೇ ತಿಂಗಳಲ್ಲಿ, ಬೆಳ್ತಂಗಡಿ ತಾಲೂಕಿನ ಹಳ್ಳಿಮನೆಯಿಂದ ಅತ್ತೆಯನ್ನೂ ಅವರ ಬೆಕ್ಕನ್ನೂ ಮೂಡುಬಿದಿರೆಯ ನಮ್ಮ ಮನೆಗೆ ಕರೆತಂದಾಗ.

ಅದರ ಹಿಂದಿನ ಮಳೆಗಾಲದಲ್ಲಿ ಅತ್ತೆ ಅಂಗಳದ ಪಾಚಿಯಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು. ಆಪರೇಶನ್ ಆಗಿ, ಕೋಲು ಹಿಡಿದು ನಡೆಯುವ ಹಾಗಾದರೂ, ಇನ್ನೊಂದು ಮಳೆಗಾಲ ಅವರೊಬ್ಬರೇ ಅಲ್ಲಿ ಇರುವುದು ಬೇಡ ಎಂದು ನಾವು ತೀರ್ಮಾನಿಸಿದೆವು. ನಾವು ಅಂದರೆ ನಾನು ಮತ್ತು ಇವರು. ಅತ್ತೆಯನ್ನು ಯಾರೂ ಕೇಳಿರಲಿಲ್ಲ. ಅವರು ಹೇಳಿದ್ದು ಒಂದೇ ಮಾತು: "ಬೊಳ್ಳ ಬರುವುದಾದರೆ ನಾನು ಬರ್ತೇನೆ."

ಬೊಳ್ಳ ಅಂದರೆ ಅವರ ಗಂಡು ಬೆಕ್ಕು. ಮೈಯೆಲ್ಲ ಬಿಳಿ, ಬಾಲ ಮಾತ್ರ ಕಪ್ಪು. ವಯಸ್ಸು ಆರೇಳು ಇರಬಹುದು. ಚಾರ್ಮಾಡಿ ಘಾಟಿಯ ಬುಡದಲ್ಲಿರುವ ಆ ಹಂಚಿನ ಮನೆಯಲ್ಲಿ ಅವನ ರಾಜ್ಯಭಾರ. ಬೆಳಿಗ್ಗೆ ಬಚ್ಚಲೊಲೆಯ ಬಿಸಿ ಬೂದಿಯ ಹತ್ತಿರ, ಮಧ್ಯಾಹ್ನ ಅಡಿಕೆ ಒಣಗಿಸುವ ಅಂಗಳದಲ್ಲಿ, ರಾತ್ರಿ ಅಟ್ಟದ ಮೇಲೆ ಹಳೆಯ ಗೋಣಿಯಲ್ಲಿ ನಿದ್ದೆ. ಅಲ್ಲಿ ತೋಟಕ್ಕೆ ಬರುವ ಹಂದಿ ಓಡಿಸಲಿಕ್ಕೆ ಗರ್ನಾಲು ಸಿಡಿಸುತ್ತಾರೆ. ಮನುಷ್ಯರೇ ಬೆಚ್ಚಿಬೀಳುವ ಆ ಸದ್ದಿಗೆ ಬೊಳ್ಳ ಒಂದು ಕಿವಿ ಅಲುಗಿಸಿ ಪುನಃ ಮಲಗುತ್ತಿದ್ದ. ಇಷ್ಟು ಧೈರ್ಯದ ಬೆಕ್ಕಿಗೆ ಮೂಡುಬಿದಿರೆ ಯಾವ ಲೆಕ್ಕ ಎಂದು ನಾನು ತಿಳಿದಿದ್ದೆ.

ತಪ್ಪು ಶುರುವಾದದ್ದು ಹೊರಡುವಾಗಲೇ. ಬೆಕ್ಕನ್ನು ಬೇರೆ ಊರಿಗೆ ಒಯ್ಯುವಾಗ ದಾರಿ ಕಾಣಬಾರದು, ಕಂಡರೆ ವಾಪಸು ಬರುತ್ತದೆ ಎಂದು ಯಾರೋ ಹೇಳಿದರು. ಗೋಣಿಚೀಲದಲ್ಲಿ ಹಾಕಿ ಬಾಯಿ ಕಟ್ಟಿದೆವು. ಗುರುವಾಯನಕೆರೆ ದಾಟಿ, ವೇಣೂರು ದಾಟಿ, ಮೂಡುಬಿದಿರೆ ತಲಪುವವರೆಗೆ ಅವನು ಕೂಗಿದ ಕೂಗು ಈಗಲೂ ನನ್ನ ಕಿವಿಯಲ್ಲಿ ಉಂಟು. ಹಿಂದಿನ ಸೀಟಿನಲ್ಲಿ ಅತ್ತೆ ಆ ಗೋಣಿಯ ಮೇಲೆ ಕೈಯಿಟ್ಟು ಕೂತಿದ್ದರು, ಒಂದು ಮಾತೂ ಆಡಲಿಲ್ಲ.

ಮನೆಗೆ ಬಂದು ಚೀಲ ಬಿಚ್ಚಿದ ಕೂಡಲೇ ಬೊಳ್ಳ ಬಾಣದ ಹಾಗೆ ಓಡಿ ಕಬ್ಬಿಣದ ಮಂಚದ ಅಡಿಗೆ, ಗೋಡೆಯ ಮೂಲೆಗೆ ಸೇರಿದ. ಟಾರ್ಚ್ ಹಾಕಿ ನೋಡಿದರೆ ಕಣ್ಣಿನ ಪಾಪೆ ದೊಡ್ಡದಾಗಿ ಕಣ್ಣೆಲ್ಲ ಕಪ್ಪು. ಕಿವಿ ತಲೆಗೆ ಅಂಟಿಕೊಂಡಿತ್ತು, ಬಾಲ ಮೈಯಡಿಗೆ ಸೇರಿತ್ತು. ಪಾಪ, ಹಸಿದಿದ್ದಾನೆ ಎಂದು ನಾನು ಬೂತಾಯಿ ಬೇಯಿಸಿ ಇಟ್ಟೆ. ಬರಲಿಲ್ಲ. ಕೈಹಾಕಿ ಎಳೆದೆ. ಮೊಣಕೈವರೆಗೆ ಗೀರಿದ, ಕಚ್ಚಿದ. ನಾನು ಹೋಗಿ ರೇಬಿಸ್ ಚುಚ್ಚುಮದ್ದು ಹಾಕಿಸಿಕೊಳ್ಳಬೇಕಾಯಿತು. ಬೆಕ್ಕು ಕಚ್ಚಿದರೂ ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲೇಬೇಕು, ನೆನಪಿರಲಿ.

ಮಾರನೇ ದಿನ ನಾನು ಇನ್ನೊಂದು ಘನಕಾರ್ಯ ಮಾಡಿದೆ. ಅವನೊಟ್ಟಿಗೆ ಬಂದ ಗೋಣಿ ನಾರುತ್ತಿತ್ತು. ಅದನ್ನು ಸೋಪಿನ ಪುಡಿಯಲ್ಲಿ ನೆನೆಸಿ, ತಿಕ್ಕಿ, ಬಿಸಿಲಿಗೆ ಹಾಕಿದೆ. ಮಂಚದ ಅಡಿಗೆ ಫಿನಾಯಿಲ್ ಹಾಕಿ ಒರೆಸಿದೆ. ಎಷ್ಟು ಚೊಕ್ಕ ಆಯಿತು ಎಂದು ಹೆಮ್ಮೆಪಟ್ಟೆ.

ಬೊಳ್ಳ ಊಟ ಬಿಟ್ಟ. ರಾತ್ರಿ ನಾವು ಮಲಗಿದ ಮೇಲೆ ಹೊರಗೆ ಬಂದು ಎರಡು ಗುಟುಕು ನೀರು ಕುಡಿದು ಮತ್ತೆ ಒಳಗೆ. ನಾನು ಮನೆಯಲ್ಲೇ ಹೊಲಿಗೆ ಮಾಡುವವಳು. ಮೆಷಿನ್ ಮೋಟಾರು ತಿರುಗಿದರೆ, ಮಿಕ್ಸಿ ಹಾಕಿದರೆ, ಕುಕ್ಕರ್ ಕೂಗಿದರೆ ಅವನು ಇನ್ನಷ್ಟು ಮುದುಡುತ್ತಿದ್ದ. ಗರ್ನಾಲಿಗೆ ಹೆದರದವನು ಮಿಕ್ಸಿಗೆ ಹೆದರುವುದೆಂದರೆ! ಮೂರನೇ ರಾತ್ರಿ ಇವರ ಆಫೀಸಿನ ಬ್ಯಾಗಿನ ಮೇಲೆ ಉಚ್ಚೆ ಹೊಯ್ದ. ನಾಲ್ಕನೇ ದಿನ ನಮ್ಮ ಹಾಸಿಗೆಯ ಮೇಲೆ.

ಮನೆಯಲ್ಲಿ ಮಾತು ಬೆಳೆಯಿತು. ಪಕ್ಕದ ಮನೆಯ ಅಕ್ಕ ಸುಲಭದ ದಾರಿ ಹೇಳಿದರು: "ಮೀನು ಮಾರ್ಕೆಟಿನ ಹತ್ತಿರ ಬಿಟ್ಟು ಬನ್ನಿ ಮಾರಾಯ್ತಿ, ತಲೆಬಾಲ ತಿಂದು ಬದುಕ್ತದೆ." ಇವರು ಇಲ್ಲ ಎನ್ನಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಇಲ್ಲ ಎನ್ನಲಿಲ್ಲ. ಎಷ್ಟೋ ಮನೆಗಳಲ್ಲಿ ನಡೆಯುವುದೇ ಇದು. ಆದರೆ ಹೀಗೆ ಹಸಿವು ಬಾಯಾರಿಕೆಗೆ ಪ್ರಾಣಿಯನ್ನು ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಇಷ್ಟು ಸಣ್ಣ ದಂಡಕ್ಕೆ ಯಾರು ಹೆದರುತ್ತಾರೆ? ನಮ್ಮನ್ನು ತಡೆದದ್ದು ಕಾಯಿದೆ ಅಲ್ಲ, ಅತ್ತೆಯ ಮುಖ. ಅವರು ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಆ ರಾತ್ರಿ ಅವರೂ ಊಟ ಮಾಡಲಿಲ್ಲ.

ಆರನೇ ದಿನ ಬೆಳಿಗ್ಗೆ ಅತ್ತೆಯೇ ನನ್ನನ್ನು ಕರೆದರು. "ನೋಡು ಮಗಾ, ಅವನು ಹೊಯಿಗೆಯ ಮೇಲೆ ಕೂತು ಕೂತು ಏಳ್ತಾನೆ, ಎಂತದೂ ಬರುವುದಿಲ್ಲ." ನಾನು ಮಲಬದ್ಧತೆ ಇರಬೇಕು ಅಂದುಕೊಂಡೆ. ಅತ್ತೆ ಒಪ್ಪಲಿಲ್ಲ. "ದನ ಸಾಕಿದವಳು ನಾನು, ನನಗೆ ಗೊತ್ತಾಗ್ತದೆ. ಡಾಕ್ಟ್ರಿಗೆ ತೋರಿಸುವಾ."

ಅವರ ಮಾತು ಕೇಳಿದ್ದು ಒಳ್ಳೆಯದಾಯಿತು. ಉಚ್ಚೆ ಕಟ್ಟಿಹೋಗಿತ್ತು. ಪಶು ವೈದ್ಯರು ನಳಿಕೆ ಹಾಕಿ ತೆಗೆದರು. ಗಂಡು ಬೆಕ್ಕಿನ ಮೂತ್ರನಾಳ ತುಂಬ ಸಪೂರ. ಅದು ಕಟ್ಟಿದರೆ ಒಂದೆರಡು ದಿನಗಳಲ್ಲೇ ಜೀವಕ್ಕೆ ಅಪಾಯ. ಮತ್ತೆ ಮತ್ತೆ ಕೂತರೂ ಉಚ್ಚೆ ಬಾರದಿದ್ದರೆ ನಾಳೆ ನೋಡುವಾ ಎನ್ನಬಾರದು, ಆಗಲೇ ಹೊರಡಬೇಕು. ಹಾಗೆಯೇ ಬೆಕ್ಕು ಎರಡು ದಿನಕ್ಕಿಂತ ಹೆಚ್ಚು ಏನೂ ತಿನ್ನದಿದ್ದರೆ ಲಿವರಿಗೆ ಕೊಬ್ಬು ಏರಿ ಕಾಯಿಲೆ ಬೀಳಬಹುದು.

ಡಾಕ್ಟ್ರು ಕೇಳಿದ ಮೊದಲ ಪ್ರಶ್ನೆ, "ಮನೆಯಲ್ಲಿ ಏನಾದರೂ ಬದಲಾವಣೆ ಆಯ್ತಾ?" ನಾನು ಎಲ್ಲ ಹೇಳಿದೆ. ಹೆದರಿಕೆಯಿಂದಲೇ ಬೆಕ್ಕಿನ ಮೂತ್ರಕೋಶಕ್ಕೆ ಬಾವು ಬರಬಹುದಂತೆ. ಹಾಸಿಗೆಯ ಮೇಲೆ ಮಾಡಿದ್ದು ಹಗೆಯಿಂದ ಅಲ್ಲ. ಉರಿ ತಾಳಲಾರದೆ, ಜೊತೆಗೆ ತನ್ನ ವಾಸನೆಯೇ ಇಲ್ಲದ ಮನೆಯಲ್ಲಿ ಸ್ವಲ್ಪ ತನ್ನದೆಂಬುದು ಇರಲಿ ಎಂದು. ಮದ್ದು ಬರೆದುಕೊಟ್ಟು ಅವರು ಹೇಳಿದರು: "ಇದು ಅರ್ಧ ಮಾತ್ರ. ಉಳಿದರ್ಧ ಮದ್ದು ನಿಮ್ಮ ಮನೆಯಲ್ಲಿ ಆಗಬೇಕು."

ಆ ಸಂಜೆ ನಾನು ಬಂಟ್ವಾಳದ ಅಕ್ಕನಿಗೆ ಫೋನ್ ಮಾಡಿದೆ. ನನ್ನ ಸ್ವಂತ ಅಕ್ಕ, ಪಾಣೆಮಂಗಳೂರಿನಲ್ಲಿ ನೇತ್ರಾವತಿ ದಂಡೆಯ ಹತ್ತಿರ ಅವಳ ಮನೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು, ಬೆಳ್ತಂಗಡಿಯ ಹೊಳೆಗಳೆಲ್ಲ ಉಕ್ಕಿ, ಆ ನೀರು ನೇತ್ರಾವತಿಗೆ ಸೇರಿ ಬಂಟ್ವಾಳದ ತಗ್ಗು ಜಾಗಗಳಿಗೆ ನುಗ್ಗಿತ್ತಲ್ಲ, ಆಗ ಅವಳು ಬೆಕ್ಕನ್ನು ಎತ್ತಿಕೊಂಡು ಮೇಲಿನ ನೆಂಟರ ಮನೆಯಲ್ಲಿ ಕೆಲವು ದಿನ ಇದ್ದವಳು. ಅವಳ ಬೆಕ್ಕು ಎರಡೇ ದಿನದಲ್ಲಿ ಅಲ್ಲಿ ಹೊಂದಿಕೊಂಡಿತ್ತು. ಹೇಗೆ ಎಂದು ಕೇಳಿದೆ.

"ಅದು ಮಲಗುವ ಚಾಪೆ ತುಂಡು ಒಟ್ಟಿಗೆ ತಕೊಂಡು ಹೋಗಿದ್ದೆ. ಒಂದು ಸಣ್ಣ ಕೋಣೆಯಲ್ಲಿ ಅದನ್ನು ಹಾಸಿ ಬಾಗಿಲು ಹಾಕಿ ಬಿಟ್ಟೆ. ನಿನ್ನ ಬೊಳ್ಳನ ಗೋಣಿ ಎಲ್ಲುಂಟು?"

"ತೊಳೆದು ಹಾಕಿದ್ದೇನೆ."

"ತೊಳೆದೆಯಾ? ಹುಚ್ಚಿ! ಆ ಊರಿಂದ ಅವನಿಗೆ ಬಂದದ್ದು ಅದೊಂದೇ ಅಲ್ಲವಾ?"

ನನಗೆ ಉತ್ತರ ಹೊಳೆಯಲಿಲ್ಲ. ಫೋನ್ ಇಟ್ಟ ಮೇಲೆ ಅತ್ತೆ ಮಂಚದ ತುದಿಯಲ್ಲಿ ಕೂತಲ್ಲಿಂದಲೇ ಹೇಳಿದರು, "ಅವನಿಗೆ ಇಲ್ಲಿ ಅಟ್ಟ ಇಲ್ಲ ಮಗಾ." ಒಂದು ವಾರದಲ್ಲಿ ಅವರು ತಾವಾಗಿ ಆಡಿದ ದೊಡ್ಡ ಮಾತು ಅದು.

ಆಗ ಗರ್ನಾಲಿನ ಗುಟ್ಟು ನನಗೆ ತಿಳಿಯಿತು. ಬೊಳ್ಳ ಅಲ್ಲಿ ಧೈರ್ಯಶಾಲಿ ಆಗಿದ್ದದ್ದು ಸದ್ದಿಗೆ ಹೆದರಿಕೆ ಇಲ್ಲದೆ ಅಲ್ಲ. ಹೆದರಿಕೆಯಾದರೆ ಎಲ್ಲಿಗೆ ಓಡಬೇಕೆಂದು ಅವನಿಗೆ ಗೊತ್ತಿತ್ತು. ಹಾಗಾಗಿ ಓಡುವ ಅಗತ್ಯವೇ ಬರುತ್ತಿರಲಿಲ್ಲ. ಇಲ್ಲಿ ಅವನಿಗೆ ಇದ್ದದ್ದು ಮಂಚದ ಅಡಿ ಮಾತ್ರ. ಅಲ್ಲಿಗೂ ನಾನು ಕೈ ಹಾಕಿದ್ದೆ, ಫಿನಾಯಿಲ್ ಹಾಕಿದ್ದೆ.

ಆ ಭಾನುವಾರ ಇವರು ಬೆಳ್ತಂಗಡಿಗೆ ಹೋದರು. ನಾನು ಕೊಟ್ಟ ಚೀಟಿಯಲ್ಲಿ ಇದ್ದದ್ದು ಮೂರು: ಅಟ್ಟದ ಮೇಲಿನ ಇನ್ನೊಂದು ಗೋಣಿ, ಅವನು ಉಗುರು ಕೆರೆಯುತ್ತಿದ್ದ ಮರದ ತುಂಡು, ತೋಟದ ಒಂದು ಚೀಲ ಮಣ್ಣು. ನಾವು ಮಾಡಿದ ಬದಲಾವಣೆಗಳನ್ನು ಒಂದೊಂದಾಗಿ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಹೆದರುವ ಬೆಕ್ಕು ಇದ್ದರೆ ಉಪಯೋಗಕ್ಕೆ ಬಂದೀತು.

ಮೊದಲನೆಯದು, ಇಡೀ ಮನೆಯ ಬದಲು ಒಂದೇ ಕೋಣೆ. ಅತ್ತೆಯ ಕೋಣೆಯನ್ನೇ ಅವನಿಗೂ ಕೊಟ್ಟೆವು. ಹೊಲಿಗೆ ಮೆಷಿನು ಜಗಲಿಗೆ ಹೋಯಿತು. ಕೋಣೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆಯನ್ನು ಅಡ್ಡ ಇಟ್ಟು, ಎರಡು ಕಡೆ ಬಾಗಿಲು ಕೊರೆದು, ಒಳಗೆ ತೊಳೆಯದ ಗೋಣಿ ಹಾಸಿದೆ. ನೆದರ್ಲೆಂಡಿನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಪ್ರಾಣಿಗಳ ಆಶ್ರಯತಾಣಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳ ಮೇಲೆ ಇದೇ ಪೆಟ್ಟಿಗೆಯ ಪರೀಕ್ಷೆ ಮಾಡಿ 2014ರಲ್ಲಿ ಪ್ರಕಟಿಸಿದ್ದಾರೆ. ಅಡಗಲು ಪೆಟ್ಟಿಗೆ ಸಿಕ್ಕಿದವು ಉಳಿದವುಗಳಿಗಿಂತ ಬೇಗ ಶಾಂತವಾದವು. ಅಂಗಡಿಯವರು ಬಿಸಾಡುವ ರಟ್ಟಿನ ಪೆಟ್ಟಿಗೆಗೆ ಇಷ್ಟು ಬೆಲೆ ಉಂಟು.

ಎರಡನೆಯದು, ಅಟ್ಟ. ನಮ್ಮದು ಆರ್‌ಸಿಸಿ ಮನೆ, ಅಟ್ಟ ಎಲ್ಲಿಂದ ತರುವುದು? ಕಬ್ಬಿಣದ ಕಪಾಟಿನ ಮೇಲಿದ್ದ ಸಾಮಾನು ಇಳಿಸಿ ಅಲ್ಲಿ ಒಂದು ಹಲಗೆ ಹಾಕಿದೆವು. ಹತ್ತಲು ಅತ್ತೆಯ ಟ್ರಂಕು, ಅದರ ಮೇಲೊಂದು ಸ್ಟೂಲು. ಎತ್ತರದಲ್ಲಿ ಕೂತು ಇಡೀ ಕೋಣೆ ನೋಡಲು ಸಿಕ್ಕಿದರೆ ಬೆಕ್ಕಿಗೆ ಅರ್ಧ ಹೆದರಿಕೆ ಇಳಿಯುತ್ತದೆ.

ಮೂರನೆಯದು, ವಾಸನೆ. ಬೆಕ್ಕು ಕೆನ್ನೆಯನ್ನು ಕಂಬಕ್ಕೆ, ನಮ್ಮ ಕಾಲಿಗೆ ಉಜ್ಜುವುದು ಬರೀ ಮುದ್ದಿಗಲ್ಲ. ಕೆನ್ನೆಯಲ್ಲಿರುವ ಗ್ರಂಥಿಗಳ ವಾಸನೆ ಹಚ್ಚಿ ಇದು ನನ್ನ ಜಾಗ ಎಂದು ಗುರುತು ಹಾಕುವುದು. ಅತ್ತೆ ತಮ್ಮ ಹಳೆಯ ಸೀರೆಯ ತುಂಡಿನಿಂದ ಅವನ ಕೆನ್ನೆಯನ್ನು ಮೆಲ್ಲ ಒರೆಸಿ, ಅದೇ ತುಂಡನ್ನು ಬಾಗಿಲ ಚೌಕಟ್ಟಿಗೆ, ಮಂಚದ ಕಾಲಿಗೆ, ಅವನ ಮೂತಿಯ ಎತ್ತರದಲ್ಲಿ ಉಜ್ಜಿದರು. ಫಿನಾಯಿಲ್ ಪೂರ್ತಿ ಬಿಟ್ಟೆವು. ಅದರ ವಾಸನೆ ಮಾತ್ರವಲ್ಲ, ಅದು ಬೆಕ್ಕಿಗೆ ವಿಷವೂ ಹೌದು. ಒದ್ದೆ ನೆಲದಲ್ಲಿ ನಡೆದು ಪಾದ ನೆಕ್ಕಿದರೆ ಹೊಟ್ಟೆಗೆ ಹೋಗುತ್ತದೆ.

ನಾಲ್ಕನೆಯದು, ಹೊಯಿಗೆಯ ಜಾಗ. ನಾನು ಊಟದ ತಟ್ಟೆಯ ಪಕ್ಕದಲ್ಲೇ ಹೊಯಿಗೆಯ ಟ್ರೇ ಇಟ್ಟಿದ್ದೆ. ನಮ್ಮಲ್ಲಿ ಯಾರಾದರೂ ಹಾಗೆ ಉಣ್ಣುತ್ತಾರಾ? ಈಗ ಟ್ರೇ ಒಂದು ಮೂಲೆ, ಊಟ ಇನ್ನೊಂದು ಮೂಲೆ, ನೀರು ಬೇರೆಯೇ ಕಡೆ. ಒಂದು ಬೆಕ್ಕಿಗೆ ಎರಡು ಟ್ರೇ. ಹೊಯಿಗೆಗೆ ಅವನ ತೋಟದ ಮಣ್ಣು ಬೆರೆಸಿದ ದಿನವೇ ಹಾಸಿಗೆಯ ರಗಳೆ ನಿಂತಿತು. ನೀರು ಹೆಚ್ಚು ಒಳಗೆ ಹೋಗಲೆಂದು ಉಪ್ಪುಖಾರ, ನೀರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿದ ಮೀನನ್ನು ಅದರ ನೀರಿನ ಸಮೇತ ಕೊಟ್ಟೆವು, ದಿನಾ ಒಂದೇ ಹೊತ್ತಿಗೆ.

ಐದನೆಯದು, ಸದ್ದು. ನಮಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್ ತನಕದ ಸದ್ದು. ಬೆಕ್ಕಿಗೆ 60,000ಕ್ಕಿಂತಲೂ ಮೇಲಿನದು ಕೇಳುತ್ತದೆ. ನಮ್ಮ ಮಿಕ್ಸಿಯಲ್ಲಿ ನಮಗೆ ಕೇಳದ ಎಷ್ಟು ಕಿರುಚಾಟ ಅವನಿಗೆ ಕೇಳುತ್ತದೋ! ಮಿಕ್ಸಿ ಹಾಕುವ ಮೊದಲು ಕೋಣೆಯ ಬಾಗಿಲು ಮುಚ್ಚಿದೆ. ಆಮೇಲೆ ಅವನು ಊಟ ಮಾಡುವಾಗ ದೂರದಲ್ಲಿ ಎರಡು ಸೆಕೆಂಡು, ಮತ್ತೊಂದು ದಿನ ನಾಲ್ಕು, ಹೀಗೆ ಅಭ್ಯಾಸ ಮಾಡಿಸಿದೆ.

ಆರನೆಯದು ನನಗೆ ಎಲ್ಲಕ್ಕಿಂತ ಕಷ್ಟವಾದದ್ದು: ಸುಮ್ಮನೆ ಇರುವುದು. ಕರೆಯಬಾರದು, ಎಳೆಯಬಾರದು, ದಿಟ್ಟಿಸಿ ನೋಡಬಾರದು. ಕೋಣೆಯಲ್ಲಿ ನೆಲದ ಮೇಲೆ ಕೂತು ನಾನು ಗುಂಡಿ ಹಾಕುವ ಕೆಲಸ ಮಾಡುತ್ತಿದ್ದೆ. ಅವನು ನೋಡಿದರೆ ಕಣ್ಣನ್ನು ನಿಧಾನ ಅರ್ಧ ಮುಚ್ಚಿ ತೆರೆಯುವುದು, ಅಷ್ಟೆ. ಇದು ತಮಾಷೆಯಲ್ಲ, ಇಂಗ್ಲೆಂಡಿನ ಸಸೆಕ್ಸ್ ಮತ್ತು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದವರು 2020ರಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಹೀಗೆ ನಿಧಾನ ಕಣ್ಣು ಮಿಟುಕಿಸಿದವರಿಗೆ ಬೆಕ್ಕೂ ತಿರುಗಿ ಮಿಟುಕಿಸುತ್ತದೆ, ಅಂಥವರ ಹತ್ತಿರ ಬರಲು ಹೆಚ್ಚು ಒಪ್ಪುತ್ತದೆ. ಅತ್ತೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಮೊದಲಿನಿಂದ ಅವನೊಟ್ಟಿಗೆ ಮಾತಾಡುತ್ತಿದ್ದದ್ದೇ ಹಾಗೆ.

ಆಟಕ್ಕೆ ಹಿಡಿಸೂಡಿ ಕಡ್ಡಿಯ ತುದಿಗೆ ಒಂದು ಬಟ್ಟೆ ಚೂರು ಗಂಟು ಹಾಕಿದೆವು. ನೂಲು ಮಾತ್ರ ಬೇಡ. ಬೆಕ್ಕಿನ ನಾಲಿಗೆಯ ಮುಳ್ಳು ಹಿಂದಕ್ಕೆ ಬಾಗಿರುವುದರಿಂದ ಬಾಯಿಗೆ ಹೋದ ನೂಲನ್ನು ಅದಕ್ಕೆ ಉಗುಳಲಾಗುವುದಿಲ್ಲ, ನುಂಗುತ್ತದೆ. ಕರುಳಿಗೆ ಸುತ್ತಿಕೊಂಡರೆ ಆಪರೇಶನ್ನೇ ಗತಿ. ನನ್ನ ಸೂಜಿ ನೂಲೆಲ್ಲ ಈಗ ಮುಚ್ಚಳದ ಡಬ್ಬಿಯಲ್ಲಿ. ಅತ್ತೆ ಒಂದು ದಿನ ಹಿತ್ತಿಲಿನಿಂದ ಕುಪ್ಪಿಗಿಡ ಬುಡ ಸಮೇತ ಕಿತ್ತು ತಂದರು. ಅದರ ಬೇರಿನ ವಾಸನೆಗೆ ಬೊಳ್ಳ ಹೊರಳಾಡಿದ್ದೇ ಹೊರಳಾಡಿದ್ದು. ಆ ಕಳೆಗಿಡದ ಬೇರು ಬೆಕ್ಕುಗಳನ್ನು ಸೆಳೆಯುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಆದರೆ ಮನುಷ್ಯರ ನಿದ್ದೆ ಮಾತ್ರೆ, ಜ್ವರದ ಪ್ಯಾರಸಿಟಮಾಲ್ ಯಾವತ್ತೂ ಕೊಡಬೇಡಿ. ಪ್ಯಾರಸಿಟಮಾಲ್ ಒಂದೇ ಮಾತ್ರೆ ಸಾಕು, ಬೆಕ್ಕಿನ ಜೀವ ತೆಗೆಯಲು.

ಇಷ್ಟೆಲ್ಲ ಬೆಕ್ಕಿನ ಕತೆ. ಆದರೆ ಆ ಭಾನುವಾರ ಇವರು ತಂದದ್ದು ಚೀಟಿಯಲ್ಲಿದ್ದ ಮೂರೇ ಸಾಮಾನಲ್ಲ. ಕಾರಿನ ಹಿಂದಿನಿಂದ ಅತ್ತೆಯ ಹಳೆಯ ಮರದ ಕುರ್ಚಿ ಇಳಿಯಿತು, ಅಡುಗೆಮನೆಯ ಮಣೆ ಇಳಿಯಿತು, ಕರಿ ಕಂಬಳಿ ಇಳಿಯಿತು. ಒಂದು ಡಬ್ಬದಲ್ಲಿ ತುಳಸಿ ಗಿಡವೂ ಇತ್ತು. ಇವೆಲ್ಲ ಮೇ ತಿಂಗಳಲ್ಲಿ ನಾನೇ ಬೇಡ ಎಂದು ಬಿಟ್ಟು ಬಂದ ಸಾಮಾನು. "ಇಲ್ಲಿ ಎಲ್ಲ ಉಂಟಲ್ಲ ಅತ್ತೆ, ಹಳೆಯದು ಯಾಕೆ?" ಎಂದಿದ್ದೆ. ಇವರು ನನ್ನ ಮುಖ ನೋಡಲಿಲ್ಲ. "ಅಮ್ಮನ ವಾಸನೆಯೂ ಸ್ವಲ್ಪ ಇರಲಿ" ಎಂದು ಕುರ್ಚಿಯನ್ನು ಕಿಟಕಿಯ ಹತ್ತಿರ ಇಟ್ಟರು. ಅಷ್ಟು ದಿನ ಅತ್ತೆ ಮಂಚದ ತುದಿಯಲ್ಲೇ ಕೂರುತ್ತಿದ್ದದ್ದು ಯಾಕೆಂದು ನಾನು ಕೇಳಿಯೇ ಇರಲಿಲ್ಲ. ಅವರಿಗೆ ಕೂರಲು ಒಂದು ಜಾಗ ಇರಲಿಲ್ಲ, ಅಷ್ಟೆ.

ಹದಿನೆಂಟನೇ ದಿನ ರಾತ್ರಿ, ಮಳೆಗಾಲದ ಮೊದಲ ಗುಡುಗು. ಬೊಳ್ಳ ಎಲ್ಲಿದ್ದಾನೆಂದು ಮೆಲ್ಲ ಬಾಗಿಲು ಸರಿಸಿ ನೋಡಿದೆ. ಮಂಚದ ಅಡಿಯಲ್ಲಿಲ್ಲ. ಪೆಟ್ಟಿಗೆಯಲ್ಲಿಲ್ಲ. ಕಪಾಟಿನ ಮೇಲೆ, ಗೋಣಿಯಲ್ಲಿ, ಕಾಲು ಮಡಚಿ ಕೂತು ನನ್ನನ್ನೇ ನೋಡುತ್ತಿದ್ದ. ನಾನು ಕಣ್ಣು ಮುಚ್ಚಿ ತೆರೆದೆ. ಸ್ವಲ್ಪ ಹೊತ್ತು ಬಿಟ್ಟು ಅವನೂ.

ಒಂದು ತಿಂಗಳು ಕಳೆದ ಮೇಲೆಯೇ ಅವನನ್ನು ಅಂಗಳಕ್ಕೆ ಬಿಟ್ಟದ್ದು, ಅದೂ ಊಟದ ಹೊತ್ತಿಗೆ ಸ್ವಲ್ಪ ಮೊದಲು, ಹಸಿವಿಗಾದರೂ ವಾಪಸು ಬರಲಿ ಎಂದು. ಅಷ್ಟರೊಳಗೆ ರೇಬಿಸ್ ಲಸಿಕೆಯೂ ಆಗಿತ್ತು, ಸಂತಾನಹರಣ ಶಸ್ತ್ರಚಿಕಿತ್ಸೆಯೂ ಆಗಿತ್ತು. ಡಾಕ್ಟ್ರಲ್ಲಿಗೆ ಒಯ್ಯಲು ಗೋಣಿ ಬಿಟ್ಟು, ಎರಡು ಪ್ಲಾಸ್ಟಿಕ್ ಬುಟ್ಟಿಗಳನ್ನು ಒಂದರ ಮೇಲೊಂದು ಕವುಚಿ ಕಟ್ಟಿದ್ದೇವೆ. ಬಾಕಿ ದಿನಗಳಲ್ಲಿ ಕೆಳಗಿನ ಬುಟ್ಟಿ ಕೋಣೆಯಲ್ಲೇ ಇರುತ್ತದೆ, ಅವನೇ ಹೋಗಿ ಮಲಗುತ್ತಾನೆ. ಹಾಗಾಗಿ ಅದನ್ನು ಕಂಡರೆ ಭಯವಿಲ್ಲ.

ದೀಪಾವಳಿಗೆ ನನಗೆ ಪುನಃ ಪುಕುಪುಕು. ಪಟಾಕಿಗೆ ರಾತ್ರಿ 8ರಿಂದ 10 ಗಂಟೆ ಎಂದು ಸುಪ್ರೀಂ ಕೋರ್ಟು 2018ರಲ್ಲೇ ಹೇಳಿದ್ದರೂ ನಮ್ಮ ಬೀದಿಯ ಮಕ್ಕಳಿಗೆ ಸಂಜೆ ಆರಕ್ಕೇ ದೀಪಾವಳಿ. ಅಕ್ಕ ಹೇಳಿದ ಹಾಗೆ ಆರು ಗಂಟೆಯ ಒಳಗೆ ಊಟ ಕೊಟ್ಟು, ಕಿಟಕಿ ಮುಚ್ಚಿ ದಪ್ಪ ಬಟ್ಟೆ ಇಳಿಬಿಟ್ಟು, ಫ್ಯಾನು ಹಾಕಿ, ರೇಡಿಯೋ ಸಣ್ಣಗೆ ಇಟ್ಟೆ. ಮೊದಲ ಮಾಲೆ ಪಟಾಕಿಗೆ ಬೊಳ್ಳ ಎದ್ದ. ಟ್ರಂಕು, ಸ್ಟೂಲು, ಕಪಾಟು. ಮೂರೇ ನೆಗೆತಕ್ಕೆ ಅಟ್ಟ ಸೇರಿದ. ಕೆಳಗೆ ಕುರ್ಚಿಯಲ್ಲಿ ಅತ್ತೆ ಕಂಬಳಿ ಹೊದ್ದು ಕೂತಿದ್ದರು. ನಾನು ಹಿಂದಿರುಗುವಾಗ ಕರೆದರು.

"ಮಗಾ, ಹಬ್ಬಕ್ಕೆಂದು ಬಟ್ಟೆ ಎಲ್ಲ ತೊಳೆಯಲಿಕ್ಕೆ ಹಾಕಿದ್ದೀಯಲ್ಲ..."

"ಹೌದತ್ತೆ."

"ಈ ಕಂಬಳಿ ಮಾತ್ರ ತೊಳೆಯಬೇಡ."

ತೊಳೆದಿಲ್ಲ. ಇವತ್ತಿಗೂ ಅದು ಬಚ್ಚಲೊಲೆಯ ಹೊಗೆ ವಾಸನೆ ಬರುತ್ತಾ ಉಂಟು. ಬೊಳ್ಳ ಈಗ ಅದರಲ್ಲೇ ಮಲಗಿದ್ದಾನೆ.